ಅತ್ತೆಯವರ ಹೆಸರಿನ ಖಾತೆ

ಪುಷ್ಪಾ, ಆ ಷೇರು ಸ್ಪರ್ಧೆಯಲ್ಲಿ ಗೆದ್ದವಳು ನಾನಲ್ಲ, ನೀನು. ನಾನು ಮೋಸ ಮಾಡಿದ್ದೆ. ಇಷ್ಟು ವರ್ಷ ಅದನ್ನು ನುಂಗಿಕೊಂಡು, ಸಿದ್ಧಾರ್ಥನಗರದ ತರಕಾರಿ ಅಂಗಡಿಯಲ್ಲಿ ನೀನು ಕಂಡಾಗಲೆಲ್ಲ ಬೇಡದ ಬದನೆಕಾಯಿಯನ್ನು ಆರಿಸುತ್ತ ತಲೆ ತಗ್ಗಿಸಿ ನಿಂತೆ.

ಅದು ನಮ್ಮ ಮಹಿಳಾ ಸಂಘದ ಸ್ಪರ್ಧೆ. ಫೋನಿನಲ್ಲಿ ಎಲ್ಲರಿಗೂ ಸಮನಾದ ಸುಳ್ಳು ದುಡ್ಡು. ಷೇರುಗಳ ಏರಿಳಿತ ಮಾತ್ರ ನಿಜದ್ದು. ಕೈ ಸುಟ್ಟುಕೊಳ್ಳದೆ ಕಲಿಯಲಿ ಎಂದು ಇಟ್ಟದ್ದು. ನಾನೋ — ಗ್ಯಾಸ್ ಆರಿಸಿದೆನಾ ಎಂದು ಬಸ್ ಸ್ಟಾಪಿನಿಂದ ವಾಪಸ್ ಓಡಿಬರುವವಳು. ಸುಳ್ಳು ದುಡ್ಡು ಕರಗಿದರೂ ಎದೆ ಹೊಡೆದುಕೊಳ್ಳುತ್ತಿತ್ತು. ಅದಕ್ಕೇ — ಇಲ್ಲ, ಅದು ನೆಪ. ಗೆಲ್ಲಬೇಕಿತ್ತು, ಅಷ್ಟೇ.

ಅತ್ತೆಯವರ ಹೆಸರಲ್ಲೂ ಒಂದು ಖಾತೆ ತೆರೆದೆ. ಒಂದೇ ಷೇರಿನ ಮೇಲೆ ಎರಡೂ ಖಾತೆಯ ಪೂರ್ತಿ ಹಣ: ನನ್ನದರಲ್ಲಿ ಏರುತ್ತದೆಂದು, ಅವರದರಲ್ಲಿ ಇಳಿಯುತ್ತದೆಂದು. ಯಾರು ಗೆದ್ದರೂ ಕಪ್ ನಮ್ಮ ಮನೆಗೇ. ಷೇರು ಏರಿತು, ಕಪ್ ನನಗೆ ಬಂತು. ಭಜನೆ ಕೇಳಲಷ್ಟೇ ಫೋನ್ ಮುಟ್ಟುವ ಅತ್ತೆ ದಿವಾಳಿಯಾಗಿ ಕೊನೆಯ ಸ್ಥಾನ ಪಡೆದರು. ಅವರಿಗೆ ಈವರೆಗೂ ಗೊತ್ತಿಲ್ಲ. ಒಂದು ವೇಳೆ ಅವರೇ ಗೆದ್ದಿದ್ದರೆ ವೇದಿಕೆ ಹತ್ತಿಸಿ ಅವರಿಂದ ಏನು ಹೇಳಿಸುತ್ತಿದ್ದೆನೋ —

ನೀನು ಎರಡನೆಯವಳು. ನೀನಾದರೋ, ಇಷ್ಟು ಇಳಿದರೆ ಮಾರಿಬಿಡುತ್ತೇನೆ ಎಂದು ಕೊಳ್ಳುವ ಮೊದಲೇ ಗೆರೆ ಹಾಕಿಕೊಳ್ಳುತ್ತಿದ್ದೆ, ಆ ಗೆರೆ ಬಂದಾಗ ಮನಸ್ಸು ಬದಲಿಸದೆ ಮಾರುತ್ತಿದ್ದೆ. ಸ್ಪರ್ಧೆ ಕಲಿಸಬೇಕಾಗಿದ್ದದ್ದೇ ಅದು, ಕಲಿತವಳು ನೀನೊಬ್ಬಳೇ. ಅಗ್ರಹಾರದ ಅಂಗಡಿಗೆ ನೀನು ಬ್ಲೌಸ್ ಹೊಲಿದು ಕೂಡಿಟ್ಟ ದುಡ್ಡನ್ನು, ಗೆದ್ದರೆ ನೀನೇ ನೋಡಿಕೋ ಎಂದು ನಿನ್ನ ಯಜಮಾನರು ಮಾತು ಕೊಟ್ಟಿದ್ದರು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ —

ಬಹುಮಾನ ಕೊಟ್ಟ ಸಂಜೆ ನಿನ್ನ ಯಜಮಾನರು ಎಲ್ಲರೆದುರು ನಗುತ್ತಲೇ ಅಂದರು: "ಸುಳ್ ದುಡ್ಡಲ್ಲೇ ಸೋತ್ಬುಟ್ಟೆ. ನಿಜವಾದ್ದು ನನ್ ಹತ್ರಾನೇ ಇರ್ಲಿ ಬುಡು."

ನೀನು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದೆ: "ಗೀತಕ್ಕ, ನಾನ್ ಎಲ್ಲಿ ತಪ್ ಮಾಡ್ದೆ?"

ಆಗಲಾದರೂ ಹೇಳಬಹುದಿತ್ತು. "ಧೈರ್ಯ ಸಾಲ್ದು ಕಣಮ್ಮ ನಿಂಗೆ," ಅಂದೆ.

ಮರುದಿನವೇ ನೀನು ಷೇರಿನ ಅಭ್ಯಾಸ ಬಿಟ್ಟೆ. ನೀನೇ ಹೊಲಿದು ಗಳಿಸಿದ್ದಕ್ಕೆ ಇವತ್ತಿಗೂ ಅವರ ಮುಂದೆ ಕೈಯೊಡ್ಡುತ್ತೀಯೆ.

ಈಗ ಸಂಘ ಮತ್ತೆ ಸ್ಪರ್ಧೆ ಇಟ್ಟಿದೆ, ಹೊಸಬರಿಗೆ ಬುದ್ಧಿ ಹೇಳಲು ನನ್ನನ್ನೇ ಕರೆದಿದೆ! ನಿಜ ಹೇಳಿಬಿಡುತ್ತೇನೆ ಅಂದದ್ದಕ್ಕೆ ನಮ್ಮವರು, ಆಟದ ದುಡ್ಡಿಗೆ ಯಾರಾದರೂ ಇಷ್ಟು ತಲೆ ಕೆಡಿಸಿಕೊಳ್ಳುತ್ತಾರಾ ಎಂದರು. ಕಾರ್ಯದರ್ಶಿಯವರು ಸಂಘದ ಮರ್ಯಾದೆಯ ಮಾತೆತ್ತಿದರು. ಎತ್ತಲಿ. ದುಡ್ಡು ಆಟದ್ದಿರಬಹುದು, ನಾನು ನಿನ್ನಿಂದ ಕಿತ್ತುಕೊಂಡದ್ದು ಆಟದ್ದಲ್ಲ.

ಭಾನುವಾರ ಮೈಕ್ ಕೈಗೆ ಬಂದ ತಕ್ಷಣ ಇದನ್ನೇ ಹೇಳುತ್ತೇನೆ. ಮೈಕ್ ಆರಿಸಿದರೆ ಕೂಗಿ ಹೇಳುತ್ತೇನೆ. ನಿನ್ನ ಯಜಮಾನರು ಮುಂದಿನ ಸಾಲಿನಲ್ಲೇ ಕೂರುವವರು — ಅವರ ಕಡೆಗೇ ತಿರುಗಿ, ಪುಷ್ಪಾ ಗೆದ್ದಿದ್ದಳು, ಕೊಟ್ಟ ಮಾತು ನಡೆಸಿ ಎನ್ನುತ್ತೇನೆ. ನೀನು ಕ್ಷಮಿಸಬೇಕಿಲ್ಲ, ಅಲ್ಲಿಗೆ ಬರಲೂಬೇಕಿಲ್ಲ. ಅವತ್ತು ಗ್ಯಾಸ್ ಆರಿಸಿದೆನಾ ಎಂದು ವಾಪಸ್ ಓಡುವುದಿಲ್ಲ. ಹೇಳಿಯೇ ವೇದಿಕೆ ಇಳಿಯುತ್ತೇನೆ.