ನಮ್ಮ ಗಾಡಿಗೆ ನಾವೇ ಹಾಕಿದ ಚೈನು

ಹೋದ ವರ್ಷ ಹಿಂಗಾರಿ ಬಿತ್ತನೆಯ ಹೊತ್ತಿಗೆ ಮಳೆ ಬಿಟ್ಟೂ ಬಿಡದೆ ಹತ್ತಿಕೊಂಡಿತ್ತು. ನಮ್ಮ ಕುಬಿಹಾಳದ ಎರೆ ಮಣ್ಣು ತುಳಿದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಗಾಲಿಗೆ ಮೆತ್ತಿ, ಚೈನಿನ ಕವರಿನೊಳಗೆ ಹೊಕ್ಕು, ಒಣಗಿದ ಮೇಲೆ ಸಿಮೆಂಟಿನ ಹಾಗೆ ಕೂತುಬಿಡುತ್ತದೆ. ನಮ್ಮ ಗಾಡಿಯ ಚೈನನ್ನು ತಿಂದದ್ದು ಆ ಮಣ್ಣು, ನಾನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಊರು ಬೇರೆಯೇ ಮಾತಾಡಿತು.

ನಮ್ಮ ಮನೆಯವರು ಟೇಲರ್. ಹೆಂಗಸರ ಜಂಪರು ಹೊಲಿಯುವುದರಲ್ಲಿ ಅವರನ್ನು ಮೀರಿಸುವವರಿಲ್ಲ, ಆದರೆ ಮೋಟರ್‌ಸೈಕಲ್ ಓಡಿಸಲು ಹೆದರುತ್ತಾರೆ. ಹಾಗಾಗಿ ಗಾಡಿ ಓಡಿಸುವವಳು ನಾನು. ಸುತ್ತಲಿನ ನಾಲ್ಕೈದು ಹಳ್ಳಿಗೆ ಹೋಗಿ ಅಳತೆ ತರುವುದು, ಹೊಲಿದ ಅರಿವೆ ಮುಟ್ಟಿಸುವುದು ನನ್ನ ಕೆಲಸ. ಗಾಡಿ ನಿಂತರೆ ಅವರ ಮಷಿನ್ನೂ ನಿಂತ ಹಾಗೆಯೇ. ಇಬ್ಬರೂ ಹೊರಟರೆ ಅವರು ಹಿಂದೆ ಕೂರುತ್ತಾರೆ. ನಮಗೆ ಅದು ನಗೆಯ ವಿಷಯವಾಗಿರಲಿಲ್ಲ, ಊರಿಗೆ ಆಗಿತ್ತು.

ಒಂದು ದಿನ ಏರಿನಲ್ಲಿ ಚೈನು ಕಟಕಟ ಎಂದು ಜಾರತೊಡಗಿತು. ಗ್ಯಾರೇಜಿಗೆ ಒಯ್ದೆ. ಮೆಕ್ಯಾನಿಕ್ ಬಗ್ಗಿ ನೋಡಿ, "ಅಕ್ಕಾರ, ಚೈನ್ ಪಾಕೀಟ ಪೂರಾ ಹೋಗೈತ್ರಿ. ನಿಮ್ಮ ಮನಿಯವ್ರನ್ನ ಕಳಸ್ರಿ, ಅವ್ರ ಕೂಡ ಮಾತಾಡ್ತೇನಿ" ಎಂದ. ಚೈನು, ಮುಂದಿನ ಸಣ್ಣ ಹಲ್ಲಿನ ಚಕ್ರ, ಹಿಂದಿನ ದೊಡ್ಡದು, ಈ ಮೂರನ್ನೂ ಕೂಡಿಸಿ ನಮ್ಮ ಕಡೆ ಚೈನ್ ಪಾಕೀಟು ಅನ್ನುತ್ತಾರೆ.

ಗಾಡಿ ಅಲ್ಲೇ ಬಿಟ್ಟು ಬಂದು ಹೇಳಿದೆ. ಪಾಪ, ಇವರು ಕೊರಳಲ್ಲಿ ಟೇಪು ಇದ್ದ ಹಾಗೆಯೇ ಹೋದರು. ಸ್ವಲ್ಪ ಹೊತ್ತಿಗೆಲ್ಲ ಗಾಡಿ ನೂಕಿಕೊಂಡು ತಿರುಗಿ ಬಂದರು. ಊಟಕ್ಕೆ ಕರೆದರೆ ಬೇಡವೆಂದರು. ಬಿಡದೆ ಕೇಳಿದ ಮೇಲೆ ಬಾಯಿ ಬಿಟ್ಟರು. ನಾಲ್ಕು ಜನರ ಎದುರಿಗೆ ಆ ಮೆಕ್ಯಾನಿಕ್, "ಬರ್ರಿ ಟೇಲರಣ್ಣ, ಚೈನಿನ ಮಾತ ಆಮ್ಯಾಲ. ಮೊದಲ ನಿಮ್ಮ ಹಿಂದಿನ ಸೀಟಿಗೆ ಮೆತ್ತನ ಗಾದಿ ಹಾಕಿ ಕೊಡ್ಲೇನು?" ಎಂದನಂತೆ. ಕೂತವರೆಲ್ಲ ನಕ್ಕರಂತೆ.

ಹೊರಗೆ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕುತ್ತಿದ್ದ ಮಾವನವರಿಗೆ ಇದು ಕೇಳಿಸಿತು. ಗಾಡಿ ಅವರ ಹೆಸರಿನಲ್ಲಿತ್ತು. ಮೊಣಕಾಲು ಹಿಡಿದುಕೊಂಡ ಮೇಲೆ ಅವರು ಓಡಿಸುವುದನ್ನು ಬಿಟ್ಟಿದ್ದರು.

"ಹೆಣ್ಮಕ್ಕಳ ಕೈಯಾಗ ಗಾಡಿ ಕೊಟ್ರ ಹಲ್ಲ ಉಳೀತಾವೇನಬೇ? ಸೋಮವಾರದೊಳಗ ಗಾಡಿ ನಡೀಲಿಲ್ಲಂದ್ರ ಮಂಜು ಬಂದು ಟೆಂಪೋದಾಗ ಹಾಕ್ಕೊಂಡು ಒಯ್ಯಲಿ. ಅವನರ ಛಂದಂಗ ಇಟ್ಕೋತಾನ" ಎಂದರು. ಮಂಜು ನನ್ನ ಮೈದುನ, ಅಣ್ಣಿಗೇರಿಯಲ್ಲಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾನೆ.

"ನಡದ್ರ?" ಎಂದೆ.

"ನಡದ್ರ ನೀನ ಇಟ್ಕೋ" ಎಂದು ನಕ್ಕರು. ನಡೆಯುವುದಿಲ್ಲ ಎಂಬ ಖಾತ್ರಿ ಆ ನಗೆಯಲ್ಲಿತ್ತು.

ಶನಿವಾರ ಬಸ್ಸಿಗೆ ಕುಂದಗೋಳಕ್ಕೆ ಹೋಗಿ ಹೊಸ ಪಾಕೀಟು ತಂದೆ. "ಯಾರ ಹಾಕೋರ್ರಿ?" ಎಂದ ಅಂಗಡಿಯವನಿಗೆ "ನಾನ ಹಾಕ್ತೇನಿ" ಎಂದೆ. ಅವನು ನನ್ನ ಮುಖ ನೋಡಿದ, ಆಮೇಲೆ ಚೈನಿನ ತುದಿ ಕೂಡಿಸುವ ಕ್ಲಿಪ್ಪು ಕೇಳದೆಯೇ ಒಂದು ಹೆಚ್ಚಿಗೆ ಕೊಟ್ಟ. "ಹಾರಿ ಹೋಕ್ಕಾವ್ರೀ ಇವು" ಎಂದ. ಒಳ್ಳೆಯ ಮನುಷ್ಯ.

ರವಿವಾರ ಬೆಳಿಗ್ಗೆ ಅಂಗಳದಲ್ಲಿ ಗಾಡಿ ನಿಲ್ಲಿಸಿ, ಸೀರೆಯ ಸೆರಗು ಸೊಂಟಕ್ಕೆ ಕಟ್ಟಿದೆ. ಮೊಬೈಲಿನಲ್ಲಿ ಎರಡು ಸಲ ನೋಡಿಕೊಂಡಿದ್ದೆ. ಕವರು ಬಿಚ್ಚಿದರೆ ಒಳಗೆ ಬುಟ್ಟಿಯಷ್ಟು ಮಣ್ಣು. ಹಳೆಯ ಹಲ್ಲುಗಳು ಕುಡಗೋಲಿನ ತುದಿಯ ಹಾಗೆ ಬಾಗಿದ್ದವು. ಪಕ್ಕಡದಿಂದ ಕ್ಲಿಪ್ಪು ತೆಗೆದು ಚೈನು ಬಿಚ್ಚಿದೆ. ಮುಂದಿನ ಸಣ್ಣ ಚಕ್ರ ಎರಡೇ ಬೋಲ್ಟಿಗೆ ಕಳಚಿ ಬಂತು. ಹಿಂದಿನ ಗಾಲಿಯ ನಟ್ಟು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಪಾನಾ ಹಚ್ಚಿ ಜಗ್ಗಿದೆ, ಒದ್ದೆ, ಅದರ ಮೇಲೆ ನಿಂತೆ.

"ಅದು ಗಂಡಸರು ಬಿಗದ ನಟ್ಟವ್ವಾ" ಎಂದರು ಕಟ್ಟೆಯಿಂದ ಮಾವನವರು.

"ಹಂಗಾರ ಹೆಂಗಸು ಬಿಚ್ತಾಳ ತಡೀರಿ" ಎಂದು ಪಾನಾಕ್ಕೆ ಕಬ್ಬಿಣದ ಪೈಪಿನ ತುಂಡೊಂದನ್ನು ತೊಡಿಸಿ ಮೈಭಾರವೆಲ್ಲ ಬಿಟ್ಟೆ. ಕಿರ್ ಎಂದು ಬಿಟ್ಟುಕೊಂಡಿತು. ನಾನು ಅಂಗಾತ ಬಿದ್ದೆ. ಬಿದ್ದಲ್ಲೇ ನಕ್ಕೆ.

ಮಧ್ಯಾಹ್ನದ ಹೊತ್ತಿಗೆ ಹೊಸದೆಲ್ಲ ಕೂತಿತ್ತು. ಸಡಿಲಿದ್ದದ್ದಕ್ಕೇ ಅಲ್ಲವೇ ಇಷ್ಟೆಲ್ಲ ಆದದ್ದು ಎಂದು ಚೈನನ್ನು ತಂತಿಯ ಹಾಗೆ ಬಿಗಿದೆ. ಗಾಲಿ ತಿರುಗಿಸಿದರೆ ನರಳಿತು. ಇನ್ನೊಮ್ಮೆ ತಿರುಗಿಸಿದೆ, ಅರ್ಧಕ್ಕೇ ನಿಂತಿತು.

"ಗಾಡಿ ಬಾಯಿ ಹೊಲದ ಬಿಟ್ಟಿ ನೋಡು! ಟೇಲರ್ ಹೆಂಡ್ತಿ ಖರೇ" ಎಂದು ಮಾವನವರು ತೊಡೆ ತಟ್ಟಿ ನಕ್ಕರು. ನನಗೆ ಕಣ್ಣಲ್ಲಿ ನೀರು ಬಂತು. ಎಲ್ಲಿ ತಪ್ಪಿದೆ ಎಂದೇ ತಿಳಿಯಲಿಲ್ಲ. ಸೋಮವಾರಕ್ಕೆ ಒಂದೇ ರಾತ್ರಿ ಉಳಿದಿತ್ತು.

ಪಡಸಾಲೆಯಲ್ಲಿ ಮಷಿನ್ನಿನ ಸದ್ದು ನಿಂತಿತು. ಇವರು ಇಳಿದು ಬಂದರು. ಮದುವೆಯಾದ ಹದಿನಾಲ್ಕು ವರ್ಷದಲ್ಲಿ ಆ ಗಾಡಿಯ ಒಂದು ನಟ್ಟನ್ನೂ ಮುಟ್ಟಿರದ ಮನುಷ್ಯ ಕುಕ್ಕರಗಾಲಲ್ಲಿ ಕೂತು, ಚೈನನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಮಷಿನ್ನಿನ ಪಟ್ಟಾ ಒತ್ತಿ ನೋಡುವುದು ಹೀಗೆಯೇ.

"ರೇಣುಕಾ, ಇದು ಭಾಳ ಬಿಗಿ ಆತು. ಮೈಗೆ ಹತ್ತಿ ಹೊಲದ ಜಂಪರನ್ಯಾಗ ಕೈ ಎತ್ತಾಕ ಬರ್ತೈತೇನು? ಒಂದಿಂಚು ಆಡಾಕ ಬಿಡು."

ನಾನು ನಟ್ಟು ಸಡಿಲಿಸಿದೆ. ಅವರು ಕೊರಳಿನ ಟೇಪು ತೆಗೆದು ಗಾಲಿಯ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಿಡಿದರು. "ಎಡಕ್ಕ ಒಂದ ನೂಲ ಹೆಚ್ಚಾಗೈತಿ. ಎರಡೂ ತೋಳು ಸಮ ಇರಬೇಕಲ್ಲ" ಎಂದರು. ಸಮ ಮಾಡಿ ಬಿಗಿದು ಗಾಲಿ ತಿರುಗಿಸಿದೆ. ಸುಮ್ಮನೆ, ಸದ್ದಿಲ್ಲದೆ, ತಿರುಗುತ್ತಲೇ ಇತ್ತು. ಕಟ್ಟೆಯ ಮೇಲಿನ ನಗೆಯೂ ನಿಂತಿತ್ತು.

ಮರುದಿನ ಬೆಳಿಗ್ಗೆ ಮಂಜು ಬಸ್ಸಿಗೆ ಬಂದ, ಟೆಂಪೋ ಹಿಂದಿನಿಂದ ಬರುವುದಿತ್ತು. ಗಾಡಿಯನ್ನು ಟೆಂಪೋದಲ್ಲಿ ಬಿಗಿಯಲು ಹೆಗಲ ಮೇಲೆ ಹಗ್ಗದ ಸಿಂಬೆ ಬೇರೆ.

ಮಾವನವರು, "ಏನಾರ ಆಗ್ಲಿ, ಕೀಲಿಕೈ ಅವಗ ಕೊಡಬೇ" ಎಂದರು.

"ನಡೀಲಿಲ್ಲಂದ್ರ ಒಯ್ಯಲಿ ಅಂದಿದ್ರಿ, ನಡೀತೈತ್ರಿ" ಎಂದು ಕಿಕ್ ಹೊಡೆದೆ. ಅಂಗಳದಲ್ಲಿ ಮೂರು ಸುತ್ತು ಹಾಕಿದೆ. ಮಾವನವರು ಚೈನನ್ನೇ ನೋಡಿದರು.

ಮಂಜು ತಲೆ ಕೆರೆದುಕೊಂಡು, "ವೈನಿ, ಅಪ್ಪ ಬಾ ಅಂದಾ, ಬಂದೇನಿ ನಾ" ಎಂದ.

"ಬಂದದ್ದು ಛಲೋ ಆತು. ಟೆಂಪೋದವಗ ಬ್ಯಾಡಂತ ಫೋನ್ ಹಚ್ಚು. ಆ ಹಗ್ಗ ಇಲ್ಲಿ ಕೊಡು, ನನಗ ಜಂಪರಿನ ಗಂಟು ಕಟ್ಟಾಕ ಬೇಕಾಗೈತಿ. ನಾಷ್ಟಾ ಮಾಡಿ ಹಿಂದ ಕುಂದ್ರು, ಕುಂದಗೋಳ ಬಸ್‌ಸ್ಟ್ಯಾಂಡಿಗೆ ಬಿಡ್ತೇನಿ."

ಬಿಟ್ಟು ಬಂದೆ. ಹಗ್ಗ ನಮ್ಮ ಮನೆಯಲ್ಲೇ ಉಳಿಯಿತು.

ಗಾಡಿ ಇಂದಿಗೂ ಮಾವನವರ ಹೆಸರಿನಲ್ಲೇ ಇದೆ, ಇರಲಿ. ಕೊಡು ಎಂದು ಅವರು ಮತ್ತೆ ಕೇಳಿಲ್ಲ. ಆ ಮೆಕ್ಯಾನಿಕ್ ನಾಲ್ಕು ಜನರ ಎದುರಿಗೆ ಇವರನ್ನು ಗೇಲಿ ಮಾಡಿದ ಸಿಟ್ಟು ಮಾತ್ರ ನನಗೆ ಇಳಿದಿಲ್ಲ, ಇಳಿಸಿಕೊಳ್ಳುವ ಮನಸ್ಸೂ ಇಲ್ಲ. ಇವರು ಈಗಲೂ ಹಿಂದೆಯೇ ಕೂರುತ್ತಾರೆ. ಮೊದಲಾದರೆ ಊರಿನ ಅಗಸಿಬಾಗಿಲು ದಾಟುವವರೆಗೆ ತಲೆ ತಗ್ಗಿಸಿ, "ಲಗೂ ಹೊಡಿ" ಎನ್ನುತ್ತಿದ್ದರು. ಈಗ ಭುಜದ ಮೇಲೆ ಕೈಯಿಟ್ಟು ನೆಟ್ಟಗೆ ಕೂತು ಅನ್ನುತ್ತಾರೆ: "ಸಾವಕಾಶ ಹೊಡಿ. ನೋಡೋರು ನೋಡ್ಲಿ."