ಗಾಜಿಗೆ ಬಳಿದ ಗ್ಲಿಸರಿನ್

ಮೊಮ್ಮಗಳ ತುಟಿ ಒಡೆದಿದೆಯೆಂದು ಮೊನ್ನೆ ಯಳಂದೂರಿನ ಔಷಧಿ ಅಂಗಡಿಯಲ್ಲಿ ಗ್ಲಿಸರಿನ್ ತೆಗೆದುಕೊಂಡೆ. ಸೀಸೆ ಓರೆ ಮಾಡಿದರೆ ಒಳಗಿನದು ಅವಸರವಿಲ್ಲದೆ ಜಾರುತ್ತಿತ್ತು. ನೋಡುತ್ತಾ ನಿಂತವನಿಗೆ ಪಕ್ಕದ ಮನೆಯ ಮಿಲಿಟರಿ ಮಾವ ನೆನಪಾದರು…

ಅರವತ್ತರ ದಶಕ. ನಮ್ಮಣ್ಣ ಹಿಮದ ಗಡಿಯಲ್ಲಿ ಮಿಲಿಟರಿ ಲಾರಿ ಓಡಿಸುತ್ತಿದ್ದ. ನಾನು ಇಪ್ಪತ್ತು ದಾಟಿದ ಮೇಲೆ ಅಕ್ಷರ ಕಲಿತವನು. ಆದರೂ ಮನೆಯಲ್ಲಿ ಕಾಗದ ಓದಲು ಬರುತ್ತಿದ್ದದ್ದು ನನಗೊಬ್ಬನಿಗೇ. ಲಾರಿಯ ಮುಂದಿನ ಗಾಜಿಗೆ ಮಂಜುಗಡ್ಡೆ ಕಟ್ಟುತ್ತದೆ, ಕೆರೆದಷ್ಟೂ ಕಟ್ಟುತ್ತದೆ, ಪಕ್ಕದಲ್ಲಿ ಪ್ರಪಾತ, ದಾರಿ ಕಾಣುವುದಿಲ್ಲ ಎಂದು ಆ ಮಾಗಿಯಲ್ಲಿ ಅಣ್ಣ ಬರೆದಿದ್ದ.

ಅವ್ವ ಅವತ್ತು ಊಟ ಮಾಡಲಿಲ್ಲ. ಹಲಸಿನ ಹಣ್ಣು ಬಿಡಿಸುವಾಗ ಕೈಗೆ ಎಣ್ಣೆ ಸವರಿದರೆ ಅಂಟು ಹಿಡಿಯುವುದಿಲ್ಲವಲ್ಲ, ಗಾಜಿಗೂ ಹಾಗೇ ಎಂದುಕೊಂಡು ಒಂದು ಡಬ್ಬಿ ಕೊಬ್ಬರಿ ಎಣ್ಣೆ ಕಳಿಸಲು ತೆಗೆದಿಟ್ಟಳು.

ಅಣ್ಣ ಮಿಲಿಟರಿಗೆ ಹೋದ ಮೇಲೆ ಪಕ್ಕದ ಮನೆಗೆ ಬಂದು ಸೇರಿದ ಮಾವನೂ ಹಿಮದಲ್ಲಿ ಲಾರಿ ಓಡಿಸಿದವರೇ. ಗಾಜು ಒರೆಸಲು ಕೈ ಹೊರಗೆ ಚಾಚಿ ಚಾಚಿ ಬಲಗೈಯ ಎರಡು ಬೆರಳು ಕಳೆದುಕೊಂಡಿದ್ದರು. ಮರುದಿನ ಬೆಳಿಗ್ಗೆ ಬಂದವರು ಡಬ್ಬಿಯನ್ನು ಬೋರಲು ಹಾಕಿದರು. ಒಂದು ತೊಟ್ಟೂ ಬೀಳಲಿಲ್ಲ.

"ನೋಡವ್ವ, ನಮ್ಮೂರ ಚಳಿಗೇ ಕಲ್ಲಾಗದೆ. ಅಲ್ಲಿ ಇದ್ನ ಬಳುದ್ರೆ ಗಾಜಿಗೆ ಸುಣ್ಣ ಒಡ್ದಂಗಾಯ್ತದೆ!"

"ಮತ್ತೇನ ಕಳುಸ್ಲಣ್ಣ?"

"ಗ್ಲಿಸರಿನ್ನು. ಅಲ್ಲಿ ಸ್ಪಿರಿಟ್ಟು ಸಿಕ್ತದೆ, ಬೆರ್ಸಿ ತೆಳ್ಳುಗೆ ಬಳೀಲಿ. ಗಡ್ಡೆ ಬ್ಯಾಗ ಕಟ್ಟಕಿಲ್ಲ."

"ಅದ್ಯಾವ ಪ್ರಾಣಿ ಕೊಬ್ಬೋ ಏನೋ…"

"ಮಗ ಬೇಕೋ ಮಡಿ ಬೇಕೋ ಏಳವ್ವ!"

ಅವರೇ ಕೊಳ್ಳೇಗಾಲಕ್ಕೆ ಹೋಗಿ ನಾಲ್ಕು ಸೀಸೆ ತಂದರು. ತೌಡಿನ ನಡುವೆ ಹುದುಗಿಸಿ, ಬಟ್ಟೆ ಹೊಲಿದು ಪಾರ್ಸೆಲ್ ಮಾಡಿದರು.

ಒಂದೂವರೆ ತಿಂಗಳು ಸುದ್ದಿಯಿಲ್ಲ. ಕೊನೆಗೆ ಬಂದ ಕಾಗದದ ಅಕ್ಷರ ಅಣ್ಣನದಾಗಿರಲಿಲ್ಲ. ಬರೆದವನು ಅವನ ಜೊತೆಗಾರ. ಒಂದೊಂದೇ ಅಕ್ಷರ ಕೂಡಿಸುತ್ತಾ 'ನಿಮ್ಮ ಮಗನ ಕೈ…' ಎಂಬಲ್ಲಿಗೆ ಬಂದು ತಡವರಿಸಿದೆ.

"ಮುಂದ್ಕೆ ಓದ್ಲಾ, ನಿನ್ ದಮ್ಮಯ್ಯ!" ಅವ್ವ ನನ್ನ ತೋಳು ಹಿಡಿದಳು.

'…ಚಳಿಗೆ ಬಿರಿದಿದೆ, ಅದಕ್ಕೆ ನಾನು ಬರೆಯುತ್ತಿದ್ದೇನೆ. ನೀವು ಕಳಿಸಿದ್ದನ್ನು ಮೂವರು ಹಂಚಿಕೊಂಡು ಗಾಜಿಗೆ ಬಳಿದೆವು. ದಾರಿ ಕಂಡಿತು. ಮೂರು ಲಾರಿಯೂ ಕೆಳಗಿಳಿದವು.'

ಅವ್ವ ಅಳುತ್ತಲೇ ನಕ್ಕಳು. ಮಾವ ಜಗುಲಿಯ ಮೇಲೆ ಕುಸಿದು ಕೂತು, "ಇಳುದ್ರಲ್ಲ… ಸಾಕು ಕಣವ್ವ" ಎಂದರು. ಅವರು ಅಷ್ಟು ಉದ್ದ ಉಸಿರು ಬಿಟ್ಟದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಅಣ್ಣ ರಜೆಗೆ ಬರುವಷ್ಟರಲ್ಲಿ ಮಾವ ತೀರಿಕೊಂಡಿದ್ದರು. ಅವರಿಬ್ಬರೂ ಒಬ್ಬರನ್ನೊಬ್ಬರು ನೋಡಲೇ ಇಲ್ಲ. ಎಂಬತ್ತು ದಾಟಿದ ಅಣ್ಣ ಈಗಲೂ ಆಗಾಗ ಕೇಳುತ್ತಾನೆ, "ಎಂಗಿದ್ರಲಾ ಅವ್ರು ನೋಡಕೆ?"

ಒಂದು ಫೋಟೋ ಕೂಡ ಇಲ್ಲ. ಬೀದಿಯಲ್ಲಿ ಬಿಸಿಲು ತುಂಬಿದ್ದರೂ, ಎದುರಿನದು ಸರಿಯಾಗಿ ಕಾಣದವರಂತೆ ಕಣ್ಣು ಕಿರಿದು ಮಾಡಿ ನಡೆಯುತ್ತಿದ್ದರು ಎನ್ನುತ್ತೇನೆ. ಅದರಾಚೆ ಮುಖ ನೆನಪಿಗೆ ಬರುವುದಿಲ್ಲ…