ಕಟ್ಟೆಯ ಮುಂದೆ ಬಾಯಿಬಿಟ್ಟ ದಿನ

ಒಂಬತ್ತನೇ ಕ್ಲಾಸಿನಲ್ಲಿ ಭಾಷಣದ ನಡುವೆ ಮಾತು ಮರೆತು ನಿಂತಾಗ ಅಪ್ಪ ವೇದಿಕೆ ಹತ್ತಿ ಬಂದು ನನ್ನ ಕೆನ್ನೆಗೆ ಬಾರಿಸಿದ್ದ. ಮಗಳು ಮಾತಾಡುತ್ತಾಳೆಂದು ಐಮಂಗಲದ ಅರ್ಧ ಊರನ್ನೇ ಕರೆತಂದಿದ್ದನಲ್ಲ, ಮರ್ಯಾದೆ ಹೋಯಿತಂತೆ. ಅವತ್ತಿನಿಂದ ನಾಲ್ಕು ಜನ ನನ್ನತ್ತ ತಿರುಗಿದರೆ ಸಾಕು, ಗಂಟಲು ಒಣಗುತ್ತಿತ್ತು. ಮನೆಯೊಳಗೆ ಮಾತ್ರ ನನ್ನ ಬಾಯಿಗೆ ಬೀಗವಿಲ್ಲ. ಬೇಕಾದರೆ ನನ್ನ ಗಂಡನನ್ನು ಕೇಳಿ.

ಹೋದ ವರ್ಷ, ಶ್ರೀರಾಂಪುರದ ಕಡೆ ಮದುವೆ ಮಾಡಿಕೊಟ್ಟಿದ್ದ ನನ್ನ ತಂಗಿ ಮುರಿದ ಕೈ ಹಿಡಿದುಕೊಂಡು ನನ್ನ ಮನೆಗೆ ಬಂದಳು. ಅವಳ ಗಂಡ ಒನಕೆಯಲ್ಲಿ ಹೊಡೆದಿದ್ದ. ಅದೇ ಒನಕೆಯಲ್ಲಿ ಅವನನ್ನು ಕುಟ್ಟಬೇಕೆನಿಸಿತು ನನಗೆ. ಪೊಲೀಸ್ ಠಾಣೆಗೆ ಹೋಗೋಣವೆಂದರೆ ಸೋದರಮಾವ ತಡೆದರು. "ಮೊದ್ಲು ಹಿರೇರು ಕುಂತು ನ್ಯಾಯ ಮಾಡ್ಲಿ ಕಣಮ್ಮ" ಎಂದರು. ನಮ್ಮಲ್ಲಿ ಹೆಣ್ಣಿನ ಪರವಾಗಿ ಕಟ್ಟೆಯ ಮುಂದೆ ಮಾತಾಡುವವರು ಸೋದರಮಾವನೇ. ಹಿಂದೆ ಎರಡು ಸಲ ಅವರು ಮಾತಾಡಿ, ಎಲೆಅಡಿಕೆ ಹಾಕಿಕೊಂಡು, ತಂಗಿಯನ್ನು ಗಂಡನ ಮನೆಗೆ ವಾಪಸು ಬಿಟ್ಟು ಬಂದಿದ್ದರು. ಮೂರನೇ ಸಲ ಕಳಿಸಿದರೆ ಹೆಣವೇ ಬರುವುದು. ಈ ಸಲ ನಾನೇ ಮಾತಾಡುತ್ತೇನೆ ಎಂದೆ. ಹಾಗೆಂದವಳೇ ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡೆ.

ಹೊಳಲ್ಕೆರೆಯಲ್ಲಿ ಪೌರಾಣಿಕ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರೊಬ್ಬರಿದ್ದರು. ದನಿಯೇ ಇಲ್ಲದವರನ್ನು ರಾಜನ ಪಾತ್ರಕ್ಕೆ ತಯಾರು ಮಾಡುತ್ತಾರೆಂದು ಕೇಳಿದ್ದೆ. ಹತ್ತು ದಿನ ಬಸ್ಸಿನಲ್ಲಿ ಹೋಗಿ ಬಂದೆ. ಅವರಿಗೆ ಗೊತ್ತಿದ್ದದ್ದು ನಾಟಕದ ಮಾತೊಂದೇ, ಹಾಗಾಗಿ ರಾಣಿಯ ಸಂಭಾಷಣೆಯನ್ನೇ ಬಾಯಿಪಾಠ ಮಾಡಿಸಿದರು. ನಾನು ಹೇಳುತ್ತಿರುವಾಗ ಬೆನ್ನ ಹಿಂದೆ ಬಂದು ಬೆತ್ತದಿಂದ ಮೇಜಿಗೆ ಬಾರಿಸುವರು, ಕೆಟ್ಟದಾಗಿ ಬೈಯುವರು.

"ಬೆಚ್ಚಿದ್ರೂ ಹಿಡಿದ ಮಾತು ಮುಗ್ಸು ತಾಯಿ. ನೀನು ನಿಲ್ಲೋದನ್ನೇ ಸಭೆ ಕಾಯ್ತಿರ್ತೈತೆ."

ಮೊದಲ ದಿನ ಅತ್ತುಬಿಟ್ಟೆ. ಮೂರನೇ ದಿನ ಬೆತ್ತ ಕಿತ್ತುಕೊಂಡು ಮುರಿದೆ. ಮೇಷ್ಟ್ರು ನಕ್ಕು, "ಆ ಸಿಟ್ಟು ಕೈಗೆ ಬ್ಯಾಡ, ಮಾತಿಗೆ ಹಾಕು" ಎಂದು ಇನ್ನೊಂದು ಬೆತ್ತ ತಂದರು.

ನ್ಯಾಯದ ದಿನ ಕಟ್ಟೆಯ ಸುತ್ತ ಊರೇ ಸೇರಿತ್ತು. ಒಂದು ಕಡೆ ತಂಗಿ, ಇನ್ನೊಂದು ಕಡೆ ಅವಳ ಗಂಡ ಕೂತಿದ್ದರು. ಮಾವನನ್ನು ಕೂರಿಸಿ ನಾನು ಎದ್ದೆ. ಬಾಯಿಂದ ಬಂದದ್ದು, "ಎಲೈ ಸಭಾಸದರೇ, ನನ್ನ ಬಿನ್ನಹವನ್ನು ಲಾಲಿಸಿರಿ."

ಜನ ಬಿದ್ದು ಬಿದ್ದು ನಕ್ಕರು. "ಏನಪ್ಪ, ಇವ್ಳು ನಾಟ್ಕ ಆಡಾಕೆ ಬಂದವ್ಳೆ" ಎಂದನೊಬ್ಬ. ಮೊದಲು ನಾಚಿಕೆಯಾಯಿತು. ಆಮೇಲೆ ಮೈಯೆಲ್ಲ ಉರಿಯಿತು.

"ನಗ್ರಿ. ಇವ್ನು ಒನಕೆ ತಗಂಡು ನನ್ ತಂಗಿ ಕೈ ಮುರ್ದಿದ್ದು ನಾಟ್ಕ ಅಲ್ಲ. ಇವಳ್ನ ತಿರುಗಾ ಇವ್ನ ಮನೆಗೆ ಕಳ್ಸೋರು..."

"ಮುಚ್ಚಲೇ ಬಾಯಿ" ಎಂದು ತಂಗಿಯ ಗಂಡ ನುಗ್ಗಿ ಬಂದು ನನ್ನ ಮುಖಕ್ಕೆ ಗುದ್ದಿದ. ತುಟಿ ಒಡೆಯಿತು. ರಕ್ತ ನುಂಗಿಕೊಂಡು ಅಲ್ಲೇ ನಿಂತೆ.

"...ಕಳ್ಸೋರು, ಹೆಣ ಹೊರಾಕೆ ನಾಲ್ಕು ಜನನೂ ಈಗ್ಲೇ ಗೊತ್ತು ಮಾಡ್ಕಳ್ರಿ."

ಈಗ ಯಾರೂ ನಗಲಿಲ್ಲ. ಇಬ್ಬರು ಅವನ ರಟ್ಟೆ ಹಿಡಿದು ಹಿಂದಕ್ಕೆಳೆದರು. ಹಿರಿಯರೊಬ್ಬರು ತಂಗಿಯತ್ತ ತಿರುಗಿ, "ನಿಮ್ಮಕ್ಕ ಹೇಳಿದ್ದು ನಿಜವೇನಮ್ಮ?" ಎಂದರು.

"ಕಮ್ಮಿ ಹೇಳ್ಯಾಳೆ" ಎಂದಳು ತಂಗಿ. ಎದ್ದು, ಸಭೆಗೆ ಬೆನ್ನು ಮಾಡಿ, ಸೆರಗು ಸರಿಸಿದಳು. ಕುಪ್ಪಸದ ಕೆಳಗೆ ಸೊಂಟದವರೆಗೂ ಕಾದ ಸೌಟಿನ ಬರೆಗಳಿದ್ದವು. ಕೆಲವು ಇನ್ನೂ ಒಣಗಿರಲಿಲ್ಲ.

ಠಾಣೆಗೆ ಹೋಗೋಣವೆಂದು ಈ ಸಲ ಮಾವನೇ ಎದ್ದರು. ನಾನು ತಂಗಿಯ ಸೆರಗೆಳೆದು ಬೆನ್ನು ಮುಚ್ಚಿದೆ. ಹತ್ತು ದಿನ ನನ್ನ ಗಂಟಲಿನ ಚಿಂತೆಯಲ್ಲೇ ಓಡಾಡಿದ್ದೆ. ಪಕ್ಕದಲ್ಲೇ ಬೋರಲು ಮಲಗುತ್ತಿದ್ದವಳನ್ನು, ಇನ್ನೆಲ್ಲಿ ಹೊಡೆದ ಎಂದು ಒಮ್ಮೆಯೂ ಕೇಳಿರಲಿಲ್ಲ.